ಚಿಕ್ಕಮ್ಮನನ್ನು ಮೊದಲ ಪುಟಕ್ಕೆ ತನ್ನಿ

ನಮಸ್ಕಾರ ಮೇಡಂ,

ಹೆಣ್ಣಿನ ಹಾರ್ಮೋನು, ನಿದ್ದೆ, ನೆನಪು ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಆದರೆ ಕೈಬಿಡಬೇಡಿ, ಒಳಗೆ ಒಳ್ಳೇ ಸರಕಿದೆ.

ಮೈನೆರೆದಲ್ಲಿಂದ ಮುಪ್ಪಿನವರೆಗೆ ಎಲ್ಲವನ್ನೂ ತುರುಕಿದ್ದೀರಿ. ಪ್ರತಿ ಪ್ಯಾರಾದಲ್ಲೂ 'ಹಾರ್ಮೋನು ಏರುಪೇರಾಗಿ' ಅನ್ನೋ ಒಂದೇ ಮಾತು. ಯಾವ ಹಾರ್ಮೋನು? ಏರಿತೋ, ಇಳಿಯಿತೋ? ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಏರುತ್ತದೆ. ಅದರಿಂದ ಹುಟ್ಟುವ ಒಂದು ವಸ್ತು ಮಿದುಳನ್ನು ತಣಿಸಿ ಮಂಪರು ತರುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅದು ಇಳಿದಾಗ ಹಲವರಿಗೆ ನಿದ್ದೆ ಕೆಡುತ್ತದೆ. ಬಾಣಂತಿಗೆ ಇದೇ ಇಳಿತ ಇನ್ನೂ ಜೋರು, ಜೊತೆಗೆ ಮಗುವಿನ ಅಳು ಬೇರೆ. ಹೀಗೆ ಬಿಡಿಸಿ ಹೇಳಿ.

ಆರನೇ ಪುಟದಲ್ಲಿ ನಿಮ್ಮ ಚಿಕ್ಕಮ್ಮ ಬರುತ್ತಾರೆ. ವಯಸ್ಸು 47. ರಾತ್ರಿ ಮೂರಕ್ಕೆ ಬೆವೆತು ಎದ್ದು, ಸೆರಗಿನಲ್ಲಿ ಗಾಳಿ ಬೀಸಿಕೊಂಡು, ಜಗಲಿಯ ತಣ್ಣನೆ ನೆಲದ ಮೇಲೆ ಹೋಗಿ ಮಲಗುತ್ತಾರೆ. ಬೆಳಿಗ್ಗೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. 'ಅರವತ್ತಕ್ಕೆ ಮುಂಚೆಯೇ ಅರಳುಮರಳು' ಅಂತ ಮನೆಯವರ ನಗು. ಇದನ್ನು ಮೂರೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ಲೇಖನ ಇರೋದೇ ಇಲ್ಲಿ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಅನ್ನೋ ಹಾರ್ಮೋನು ಇಳಿದಾಗ, ಮೈಬಿಸಿ ನೋಡಿಕೊಳ್ಳುವ ಮಿದುಳಿನ ಭಾಗವಾದ ಹೈಪೊಥಲಾಮಸ್ ಸಣ್ಣ ಸೆಕೆಗೂ ಗಾಬರಿಯಾಗಿ ಬೆವರಿಳಿಸುತ್ತದೆ. ನಿದ್ದೆ ತುಂಡಾಗುತ್ತದೆ. ಹಗಲು ಕಂಡದ್ದು ನೆನಪಾಗಿ ಗಟ್ಟಿಯಾಗೋಕೆ ನಿದ್ದೆ ಬೇಕು. ಜೊತೆಗೆ, ಮಿದುಳಿನಲ್ಲಿ ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್ ಮೇಲೆ ಈಸ್ಟ್ರೋಜನ್ ನೇರವಾಗಿಯೂ ಪರಿಣಾಮ ಬೀರುತ್ತದೆ. ಹಾಗಾಗಿ ಆ ಉಪ್ಪಿಗೆ ಯಾವುದು ಎಷ್ಟು ಕಾರಣ ಅಂತ ಹೇಳುವುದು ಕಷ್ಟ. ಆ ಕಷ್ಟವನ್ನೂ ಬರೆಯಿರಿ. ನಡುವಯಸ್ಸಿನ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ 'ಸ್ವಾನ್' ಅಧ್ಯಯನದ 2009ರ ವರದಿಯಲ್ಲಿ, ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಮಂಕಾಗಿದ್ದ ಕಲಿಕೆ, ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ಚೇತರಿಸಿಕೊಂಡಿತ್ತು. ನಕ್ಕವರಿಗೆ ಇದನ್ನು ಓದಿಸಬೇಕು, ಅಲ್ವಾ?

'ಹಾರ್ಮೋನ್ ಮಾತ್ರೆ ತಗೊಂಡರೆ ಮರೆವು ಬರೋಲ್ಲ' ಅನ್ನೋ ಸಾಲು ತೆಗೆಯಲೇಬೇಕು. 2003ರಲ್ಲಿ ಹೊರಬಂದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್‌ನಂಥ ಔಷಧಿ) ಒಟ್ಟಿಗೆ ತೆಗೆದುಕೊಂಡ 65 ದಾಟಿದ ಹೆಂಗಸರಲ್ಲಿ ಡಿಮೆನ್ಷಿಯಾ ಅನ್ನೋ ಮರೆವಿನ ಕಾಯಿಲೆಯ ಅಪಾಯ ಸುಮಾರು ಎರಡರಷ್ಟಿತ್ತು. ಹಾಗಂತ 50ರ ಆಸುಪಾಸಿನವರಿಗೆ ಅದೇ ಲೆಕ್ಕ ಹಾಕಬೇಡಿ. ಬಿಸಿ, ಬೆವರು ತಡೆಯಲಾಗದವರಿಗೆ ಪರೀಕ್ಷೆ ಮಾಡಿ ವೈದ್ಯರು ಈಗಲೂ ಕೊಡುತ್ತಾರೆ.

ಸಾವಿರ ಪದ ಸಾಕು. ಚಿಕ್ಕಮ್ಮನಿಗೆ ಗೊರಕೆ ಜಾಸ್ತಿಯಾಗಿದೆಯಾ ಅಂತಲೂ ಕೇಳಿ. ಮುಟ್ಟು ನಿಂತ ಮೇಲೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ, ಹೆಚ್ಚುತ್ತದೆ, ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ. ಹಾಗೇ, ಅವರ ಬಗ್ಗೆ ಬರೆಯೋಕೆ ಒಪ್ಪಿಗೆಯನ್ನೂ ಕೇಳಿಬಿಡಿ.

– ಸಂ.