ಕ್ಲೌಡ್‌ಪೇಜಸ್ ಫಾರ್ಮನ್ನು ಮೊದಲು ಖಾಲಿಯಾಗಿಯೇ ಸಲ್ಲಿಸಿ ನೋಡಿ

ಸೇಲ್ಸ್‌ಫೋರ್ಸ್ ಮಾರ್ಕೆಟಿಂಗ್ ಕ್ಲೌಡ್‌ನಲ್ಲಿ ವೆಬ್ ಪುಟ ಮಾಡುವ ಸಾಧನವಾದ ಕ್ಲೌಡ್‌ಪೇಜಸ್‌ನಲ್ಲಿ, ನೋಂದಣಿ ಫಾರ್ಮಿನ ಪುಟ ತೆರೆದಾಗಲೆಲ್ಲ 500 ದೋಷ (ಸರ್ವರ್ ದೋಷ) ಬರುತ್ತಿತ್ತೆಂದು ನೀವು ಪ್ರೈಮರಿ ಕೀ (ಪ್ರತಿ ಸಾಲನ್ನು ಪ್ರತ್ಯೇಕವಾಗಿ ಗುರುತಿಸುವ ಕಾಲಂ) ಇಲ್ಲದ, ಎಲ್ಲ ಕಾಲಂಗಳೂ ನಲ್ಲಬಲ್ (ಖಾಲಿ ಬಿಡಬಹುದಾದವು) ಆಗಿರುವ, ಡೇಟಾ ಇಡುವ ಕೋಷ್ಟಕವಾದ ಹೊಸ ಡೇಟಾ ಎಕ್ಸ್‌ಟೆನ್ಷನ್ ಮಾಡಿಕೊಂಡಿದ್ದೀರಿ. ದೋಷವೇನೋ ಹೋಯಿತು, ಆದರೆ ಈಗ ಪುಟ ತೆರೆದರೆ ಸಾಕು ಒಂದು ಖಾಲಿ ಸಾಲು ಬೀಳುತ್ತದೆ, ರಿಫ್ರೆಶ್ ಒತ್ತಿದರೆ ಅದೇ ವ್ಯಕ್ತಿ ಎರಡನೆಯ ಸಲ ದಾಖಲಾಗುತ್ತಾನೆ, ಇಮೇಲ್‌ಗಳನ್ನು ತಾನಾಗಿ ಕಳುಹಿಸುವ ಜರ್ನಿಯಂತೂ ಶುರುವಾಗುವುದೇ ಇಲ್ಲ ಎಂದು ಬರೆದಿದ್ದೀರಿ. ಮಾರ್ಕೆಟಿಂಗ್ ಕ್ಲೌಡ್ ಡೆವಲಪರ್ ಪರೀಕ್ಷೆ ಹತ್ತಿರವಿರುವುದರಿಂದ ಇದನ್ನೆಲ್ಲ ಬದಿಗಿಟ್ಟು, ಅಲ್ಲಿನ ಸ್ಕ್ರಿಪ್ಟ್ ಭಾಷೆಯಾದ ಆಂಪ್‌ಸ್ಕ್ರಿಪ್ಟ್ ಫಂಕ್ಷನ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡಲೇ ಎಂದೂ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಕೀ ಕಿತ್ತುಹಾಕಿ ದೋಷದ ಬಾಯಿ ಮುಚ್ಚಿಸುವ ಈ ಉಪಾಯವನ್ನು ನಾನೂ ಒಂದು ಕಾಲಕ್ಕೆ ಮಾಡಿದವನೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆ 500 ದೋಷ ನಿಮಗೆ ಉಪಕಾರವನ್ನೇ ಮಾಡುತ್ತಿತ್ತು. ಪುಟವನ್ನು ಮೊದಲ ಸಲ ತೆರೆದಾಗಲೂ ಮೇಲಿನ ಆಂಪ್‌ಸ್ಕ್ರಿಪ್ಟ್ ಬ್ಲಾಕ್ ಓಡುತ್ತದೆ. ಆಗ ಯಾರೂ ಏನನ್ನೂ ತುಂಬಿರುವುದಿಲ್ಲವಾದ್ದರಿಂದ, ಫಾರ್ಮಿನಿಂದ ಬಂದುದನ್ನು ಓದುವ ಫಂಕ್ಷನ್ ಆದ ರಿಕ್ವೆಸ್ಟ್‌ಪ್ಯಾರಾಮೀಟರ್ ಎಲ್ಲ ಫೀಲ್ಡ್‌ಗಳಿಗೂ ಖಾಲಿಯನ್ನೇ ಕೊಡುತ್ತದೆ, ಆ ಖಾಲಿ ಹೋಗಿ ಪ್ರೈಮರಿ ಕೀ ಕಾಲಂಗೆ ಬಡಿಯುತ್ತದೆ, ಪುಟ ಬೀಳುತ್ತದೆ. ಕೆಡಬೇಕಾದ ಜಾಗದಲ್ಲಿಯೇ ಕೆಟ್ಟಿದೆ. ಫಾರ್ಮಿನೊಳಗೆ ‘ಸಬ್ಮಿಟೆಡ್’ ಎಂಬ ಹಿಡನ್ ಫೀಲ್ಡ್ ಇಟ್ಟು ಅದಕ್ಕೆ ‘ಟ್ರೂ’ ಎಂಬ ಬೆಲೆ (ವ್ಯಾಲ್ಯೂ) ಕೊಡಿ, ಬ್ಲಾಕಿನ ಮೊದಲ ಸಾಲಿನಲ್ಲಿಯೇ ಅದನ್ನು ಪರೀಕ್ಷಿಸಿ, ಬಂದಿದ್ದರೆ ಮಾತ್ರ ಬರೆಯುವ ಭಾಗಕ್ಕೆ ಇಳಿಯಿರಿ. ಫಾರ್ಮಿನ ಆ್ಯಕ್ಷನ್‌ಗೆ ರಿಕ್ವೆಸ್ಟ್‌ಪ್ಯಾರಾಮೀಟರ್ ಮೂಲಕ ‘ಪೇಜ್‌ಯುಆರ್‌ಎಲ್’ ಕೊಟ್ಟು, ಮೆಥಡ್ ಅನ್ನು ಪೋಸ್ಟ್ ಎಂದಿಟ್ಟರೆ ಪುಟ ತನಗೆ ತಾನೇ ಸಲ್ಲಿಸಿಕೊಳ್ಳುತ್ತದೆ. ಮೆಥಡ್ ಬರೆಯಲು ಮರೆತರೆ ಅದು ಗೆಟ್ ಆಗಿ, ಜನರ ಇಮೇಲ್ ವಿಳಾಸ, ಫೋನ್ ಸಂಖ್ಯೆಗಳೆಲ್ಲ ಬ್ರೌಸರಿನ ಅಡ್ರೆಸ್ ಬಾರ್‌ನಲ್ಲಿ ಬೆತ್ತಲಾಗಿ ನಿಲ್ಲುತ್ತವೆ. ಭದ್ರತೆಯ ವಿಭಾಗಕ್ಕೆ ಓದುವಾಗ ಇದನ್ನೂ ಜೊತೆಗೇ ನೋಡಿಕೊಳ್ಳಿ.

ಇನ್ನು ನಾನು ಎಲ್ಲರಿಗೂ ಹೇಳುತ್ತ ಬಂದಿರುವ ಒಂದು ಅಭ್ಯಾಸವಿದೆ. ಫಾರ್ಮ್ ಸಿದ್ಧವಾದ ಕೂಡಲೇ ಹೆಸರು, ಊರು ತುಂಬಿ ಪರೀಕ್ಷಿಸಬೇಡಿ. ಮೊದಲು ಏನನ್ನೂ ತುಂಬದೆ ಸಲ್ಲಿಸಿ. ಎಚ್‌ಟಿಎಂಎಲ್‌ನ ‘ರಿಕ್ವೈರ್ಡ್’ ಗುಣವನ್ನು ತೆಗೆದೇ ಸಲ್ಲಿಸಬೇಕು, ಏಕೆಂದರೆ ಅದು ತಡೆಯುವುದು ಬ್ರೌಸರಿನೊಳಗಿನ ಸಜ್ಜನರನ್ನು ಮಾತ್ರ. ಬಾಟ್‌ಗಳು ನಿಮ್ಮ ಪುಟವನ್ನು ನೋಡದೆಯೇ ನೇರವಾಗಿ ಪೋಸ್ಟ್ ಮಾಡುತ್ತವೆ. ಖಾಲಿ ಸಲ್ಲಿಕೆಯಲ್ಲಿ ಯಾವ ಯಾವ ಫೀಲ್ಡ್ ಏನಾಗಿ ಬಂತೆಂದು ಪುಟದಲ್ಲಿಯೇ ಅಚ್ಚಿಸಿ ನೋಡಿದಾಗ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಪಠ್ಯದ ಫೀಲ್ಡ್ ಖಾಲಿ ಬೆಲೆಯೊಂದಿಗಾದರೂ ಬರುತ್ತದೆ. ಗುರುತು ಹಾಕದ ಚೆಕ್‌ಬಾಕ್ಸ್ ಬರುವುದೇ ಇಲ್ಲ, ಬ್ರೌಸರ್ ಅದರ ಹೆಸರನ್ನು ಕೂಡ ಕಳುಹಿಸುವುದಿಲ್ಲ. ಗುರುತು ಹಾಕಿ, ಆದರೆ ‘ವ್ಯಾಲ್ಯೂ’ ಬರೆಯದೆ ಬಿಟ್ಟಿದ್ದರೆ ಬರುವುದು ‘ಆನ್’ ಎಂಬ ಪದ, ಅದನ್ನು ಬೂಲಿಯನ್ (ಟ್ರೂ ಅಥವಾ ಫಾಲ್ಸ್ ಮಾತ್ರ ಹಿಡಿಯುವ) ಕಾಲಂಗೆ ಹಾಗೆಯೇ ತುರುಕುವಂತಿಲ್ಲ. ಆದ್ದರಿಂದ ಒಪ್ಪಿಗೆಯ ಚೆಕ್‌ಬಾಕ್ಸನ್ನು ನೇರವಾಗಿ ಬರೆಯದೆ, ಷರತ್ತಿನ ಫಂಕ್ಷನ್ ಆದ ಐಐಎಫ್ ಒಳಗೆ ಎಂಪ್ಟಿ (ಖಾಲಿಯೇ ಎಂಬ) ಪರೀಕ್ಷೆ ಇಟ್ಟು, ಖಾಲಿಯಾದರೆ ‘ಫಾಲ್ಸ್’, ಇಲ್ಲವಾದರೆ ‘ಟ್ರೂ’ ಎಂದು ನೀವೇ ನಿರ್ಧರಿಸಿ ಬರೆಯಬೇಕು. ನಿಮ್ಮ ಖಾಲಿ ಸಾಲುಗಳಲ್ಲಿ ಒಪ್ಪಿಗೆಯ ಕಾಲಂ ಏನಾಗಿದೆ ಎಂದು ಈಗಲೇ ತೆರೆದು ನೋಡಿ. ‘ಇಲ್ಲ’ ಎಂದವನಿಗೂ ಫಾರ್ಮನ್ನೇ ಮುಟ್ಟದವನಿಗೂ ಅಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮಾರ್ಕೆಟಿಂಗ್ ಇಮೇಲ್ ಕಳುಹಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಎರಡನೆಯ ಸುತ್ತಿನಲ್ಲಿ ಕೀ ಮಾತ್ರ ತುಂಬಿ ಉಳಿದುದನ್ನು ಖಾಲಿ ಬಿಟ್ಟು ಸಲ್ಲಿಸಿ. ಸಾಲು ಇದ್ದರೆ ತಿದ್ದುವ, ಇಲ್ಲದಿದ್ದರೆ ಸೇರಿಸುವ ಫಂಕ್ಷನ್ ಆದ ಅಪ್‌ಸರ್ಟ್‌ಡೇಟಾ ಹಳೆಯ ಸಾಲನ್ನು ಹುಡುಕುತ್ತದೆ, ಸಿಕ್ಕಿದರೆ ನೀವು ಕೊಟ್ಟ ಖಾಲಿಯನ್ನೇ ಅದರ ಮೇಲೆ ಬರೆಯುತ್ತದೆ. ಗ್ರಾಹಕರು ಕಳೆದ ವರ್ಷ ಕೊಟ್ಟಿದ್ದ ಫೋನ್ ಸಂಖ್ಯೆ ಹೀಗೆಯೇ ಮಾಯವಾಗುತ್ತದೆ. ಹೊಸ ನೋಂದಣಿಯ ಫಾರ್ಮಿಗೆ ಇದು ಅಷ್ಟಾಗಿ ಬಾಧಿಸದು, ಪ್ರೊಫೈಲ್ ತಿದ್ದುವ ಫಾರ್ಮಿನಲ್ಲಿ ಮಾತ್ರ ಹಳೆಯ ಬೆಲೆಯನ್ನು ಮೊದಲು ಓದಿ, ಹೊಸದು ಖಾಲಿಯಾಗಿದ್ದರೆ ಹಳೆಯದನ್ನೇ ಉಳಿಸುವ ವ್ಯವಸ್ಥೆ ಬೇಕು. ಹಾಗೆ ಓದಲು ಐದು ಫೀಲ್ಡಿಗೆ ಐದು ಲುಕಪ್ (ಒಂದು ಬೆಲೆಯನ್ನು ಹುಡುಕಿ ತರುವ ಫಂಕ್ಷನ್) ಬರೆಯಬೇಡಿ. ಒಂದೇ ಲುಕಪ್‌ರೋಸ್ ಮಾಡಿ, ರೋ ಮತ್ತು ಫೀಲ್ಡ್ ಫಂಕ್ಷನ್‌ಗಳಿಂದ ಬೇಕಾದುದನ್ನು ಬಿಡಿಸಿಕೊಳ್ಳಿ.

ಈಗ ಫಂಕ್ಷನ್‌ಗಳ ವಿಷಯ. ನೀವು ಹಾಕಿರುವ ಕೋಡಿನಲ್ಲಿ ಇನ್ಸರ್ಟ್‌ಡಿಇ ಇದೆ. ಡಿಇ ಎಂದು ಮುಗಿಯುವ ಬಳಗ ಇಮೇಲಿಗಾಗಿ ಇರುವುದು. ಕ್ಲೌಡ್‌ಪೇಜಸ್, ಲ್ಯಾಂಡಿಂಗ್ ಪೇಜ್, ಎಸ್‌ಎಂಎಸ್‌ಗಳಿಗೆ ಡೇಟಾ ಎಂದು ಮುಗಿಯುವ ಬಳಗ. ಡೇಟಾ ಬಳಗದವು ಎಷ್ಟು ಸಾಲುಗಳು ಬದಲಾದವು ಎಂಬ ಸಂಖ್ಯೆಯನ್ನು ಹಿಂದಿರುಗಿಸುತ್ತವೆ, ಡಿಇ ಬಳಗದವು ಏನನ್ನೂ ಹಿಂದಿರುಗಿಸುವುದಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡಿದವರು ಇಲ್ಲಿಯೇ ಎಡವುತ್ತಾರೆ, ಏಕೆಂದರೆ ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪುಟದ ಮೇಲೆ ಬರೆದು ನೋಡಿದವರಿಗೆ, ಇನ್‌ಲೈನ್ ಆಗಿ ಕರೆದ ಅಪ್‌ಸರ್ಟ್‌ಡೇಟಾ ಧನ್ಯವಾದದ ವಾಕ್ಯದ ಪಕ್ಕದಲ್ಲಿ ಒಂಟಿ ‘1’ ಅನ್ನು ಅಚ್ಚಿಸಿದ್ದು ಮರೆಯುವುದಿಲ್ಲ. ಸೆಟ್ ಬಳಸಿ ಆ ಸಂಖ್ಯೆಯನ್ನು ವೇರಿಯೆಬಲ್‌ಗೆ ಹಿಡಿದುಕೊಳ್ಳಿ. ಅಪ್‌ಸರ್ಟ್‌ಡೇಟಾದ ಎರಡನೆಯ ಆರ್ಗ್ಯುಮೆಂಟ್ ಹೊಂದಿಸಿ ನೋಡಬೇಕಾದ ಕಾಲಂಗಳ ಸಂಖ್ಯೆ ಎಂಬುದೂ ಕೈಗೆ ಅಭ್ಯಾಸವಾಗಬೇಕು: ಒಂದೇ ಕೀಯಾದರೆ 1, ಎರಡಾದರೆ 2, ಅದರ ನಂತರ ಆ ಜೋಡಿಗಳು, ಆಮೇಲೆ ಉಳಿದ ಕಾಲಂ ಮತ್ತು ಬೆಲೆಗಳ ಜೋಡಿಗಳು.

ರಿಫ್ರೆಶ್ ಮಾಡಿದಾಗ ಎರಡೆರಡು ಸಾಲು ಬೀಳುವುದಕ್ಕೆ ಇರುವ ಮದ್ದು ಪ್ರೈಮರಿ ಕೀ ಮತ್ತು ಅಪ್‌ಸರ್ಟ್ ಎರಡೂ ಸೇರಿದ್ದು. ಕೀ ಇದ್ದು ಇನ್ಸರ್ಟ್‌ಡೇಟಾ ಬಳಸಿದರೆ ಎರಡನೆಯ ಸಲ ಮತ್ತೆ ದೋಷವೇ ಬರುತ್ತದೆ. ಅದರ ಮೇಲೆ, ಬರೆದು ಮುಗಿದ ಕೂಡಲೇ ರೀಡೈರೆಕ್ಟ್ ಫಂಕ್ಷನ್ನಿನಿಂದ ಧನ್ಯವಾದದ ಪುಟಕ್ಕೆ ಕಳುಹಿಸಿಬಿಡಿ. ಆಗ ರಿಫ್ರೆಶ್ ಒತ್ತಿದರೂ ಮರುತೆರೆಯುವುದು ಆ ಪುಟ ಮಾತ್ರ. ಒಂದು ಎಚ್ಚರಿಕೆ ಇದೆ: ಆಂಪ್‌ಸ್ಕ್ರಿಪ್ಟ್‌ನಲ್ಲಿ ದೋಷವನ್ನು ಹಿಡಿಯುವ ಟ್ರೈ-ಕ್ಯಾಚ್ ಇಲ್ಲವೆಂದು, ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಆದ ಎಸ್‌ಎಸ್‌ಜೆಎಸ್‌ನ ಟ್ರೈ ಒಳಗೆ ಎಲ್ಲವನ್ನೂ ಸುತ್ತಿಟ್ಟರೆ, ರೀಡೈರೆಕ್ಟ್ ಕೂಡ ಒಂದು ದೋಷದಂತೆ ಎದ್ದು ಕ್ಯಾಚ್‌ಗೆ ಬಂದು ಬೀಳುತ್ತದೆ. ಥ್ರೆಡ್ ಅರ್ಧಕ್ಕೇ ನಿಂತಿತು ಎಂಬರ್ಥದ ಸಂದೇಶ ಕಂಡು ಗಾಬರಿಯಾಗಬೇಡಿ, ರೀಡೈರೆಕ್ಟ್ ಅನ್ನು ಟ್ರೈ-ಕ್ಯಾಚ್‌ನ ಹೊರಗಿಡಿ.

ಜರ್ನಿ ಶುರುವಾಗದಿರುವುದು ನಿಮ್ಮ ಕೋಡಿನ ತಪ್ಪಲ್ಲ, ಆಯ್ಕೆಯ ತಪ್ಪು. ಜರ್ನಿ ಬಿಲ್ಡರ್‌ನಲ್ಲಿರುವ ಕ್ಲೌಡ್‌ಪೇಜಸ್ ಎಂಟ್ರಿ ಸೋರ್ಸ್ (ಜರ್ನಿಗೆ ಪ್ರವೇಶದ ಮೂಲ) ಕಾಯುವುದು ಸ್ಮಾರ್ಟ್ ಕ್ಯಾಪ್ಚರ್ ಎಂಬ ಸಿದ್ಧ ಫಾರ್ಮಿನ ಸಲ್ಲಿಕೆಗೆ. ನೀವು ಕೈಯಾರೆ ಬರೆದ ಫಾರ್ಮಿನಿಂದ ಡೇಟಾ ಎಕ್ಸ್‌ಟೆನ್ಷನ್‌ಗೆ ಎಷ್ಟು ಸಾಲು ಬಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ನಿಮಗೆ ಬೇಕಾದುದು ಎಪಿಐ ಈವೆಂಟ್ ಎಂಟ್ರಿ ಸೋರ್ಸ್. ಟೋಕನ್ (ಪ್ರವೇಶದ ಅನುಮತಿ) ಪಡೆದು, ರೆಸ್ಟ್ ಎಪಿಐನ ಇಂಟರ್ಯಾಕ್ಷನ್ ಈವೆಂಟ್ಸ್ ವಿಳಾಸಕ್ಕೆ ಕಾಂಟ್ಯಾಕ್ಟ್ ಕೀ ಮತ್ತು ಈವೆಂಟ್ ಡೆಫಿನಿಷನ್ ಕೀ ಕೂಡಿಸಿ ಕಳುಹಿಸಬೇಕು. ಆ ಟೋಕನ್ ಪಡೆಯಲು ಬೇಕಾದ ಕ್ಲೈಂಟ್ ಸೀಕ್ರೆಟ್ ಅನ್ನು (ಗುಪ್ತ ಪದವನ್ನು) ಪುಟದ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದವರನ್ನೂ ಕಂಡಿದ್ದೇನೆ. ವ್ಯೂ ಸೋರ್ಸ್ ಒತ್ತಿದವನಿಗೆಲ್ಲ ಅದು ಸಿಗುತ್ತದೆ, ದಯವಿಟ್ಟು ಸರ್ವರ್ ಕಡೆಯ ಬ್ಲಾಕಿನಲ್ಲಿಯೇ ಇರಲಿ.

ಹಾಗಾದರೆ ಸ್ಮಾರ್ಟ್ ಕ್ಯಾಪ್ಚರ್ ಅನ್ನೇ ಬಳಸಬಾರದೇ ಎಂದರೆ, ಸಾಮಾನ್ಯ ನೋಂದಣಿಗೆ ಧಾರಾಳವಾಗಿ ಬಳಸಬಹುದು, ಆದರೆ ಡೆವಲಪರ್ ಪರೀಕ್ಷೆಗೆ ಓದುತ್ತಿರುವವರು ಅದರಿಂದ ಕಲಿಯುವುದು ತೀರ ಕಡಿಮೆ. ಇನ್ನೊಂದು ಕಂಪನಿಯ ಮಾರ್ಕೆಟಿಂಗ್ ಸಾಧನವಾದ ಹಬ್‌ಸ್ಪಾಟ್‌ನ ಫಾರ್ಮ್ ಬಿಲ್ಡರ್ ಇದಕ್ಕಿಂತ ಎಷ್ಟೋ ನಯವಾಗಿದೆ ಎಂಬುದು ನನ್ನ ಅಭಿಪ್ರಾಯ. ಮಾರ್ಕೆಟಿಂಗ್ ತಂಡದವರು ಯಾರನ್ನೂ ಕೇಳದೆ ಫಾರ್ಮ್ ಮಾಡಿಕೊಳ್ಳಬೇಕಿದ್ದರೆ ನಾನು ಅದನ್ನೇ ಹೇಳುತ್ತೇನೆ. ಪರೀಕ್ಷೆ ಕೇಳುವುದು ಮಾತ್ರ ಕೋಡು ಎಲ್ಲಿ ಓಡುತ್ತದೆ, ಏನನ್ನು ಹಿಂದಿರುಗಿಸುತ್ತದೆ ಎಂಬುದನ್ನು. ಒಟ್ಟು 60 ಪ್ರಶ್ನೆ, 105 ನಿಮಿಷ. ಅದರಲ್ಲಿ ಹೆಚ್ಚಿನ ತೂಕ ಆಂಪ್‌ಸ್ಕ್ರಿಪ್ಟ್, ಎಸ್‌ಎಸ್‌ಜೆಎಸ್‌ಗಳಿರುವ ಭಾಗಕ್ಕೇ.

ನೋಂದಣಿಯ ದಿನಾಂಕಕ್ಕೆ ನೀವು ನೌ ಫಂಕ್ಷನ್ ಬಳಸಿದ್ದೀರಿ. ಅದು ಕೊಡುವುದು ಸಿಸ್ಟಂ ಸಮಯ, ಅಂದರೆ ಡೇಲೈಟ್ ಸೇವಿಂಗ್ ಇಲ್ಲದ ಅಮೆರಿಕದ ಸೆಂಟ್ರಲ್ ಸಮಯ, ನಮಗಿಂತ 11 ಗಂಟೆ 30 ನಿಮಿಷ ಹಿಂದೆ. ಬೆಂಗಳೂರಿನಲ್ಲಿ ಮಂಗಳವಾರ ಬೆಳಿಗ್ಗೆ 10 ಗಂಟೆಗೆ ತುಂಬಿದ ಫಾರ್ಮ್ ಸೋಮವಾರ ರಾತ್ರಿ 10.30ರದೆಂದು ದಾಖಲಾಗುತ್ತದೆ, ‘ಇಂದು ನೋಂದಾಯಿಸಿದವರು’ ಎಂಬ ಕ್ವೆರಿ ಅವರನ್ನು ಹುಡುಕಿದರೆ ಸಿಗುವುದಿಲ್ಲ. ಸಿಸ್ಟಂಡೇಟ್‌ಟುಲೋಕಲ್‌ಡೇಟ್ ಬಳಸಿ, ಆದರೆ ಖಾತೆಯ ಟೈಂ ಝೋನ್ ಯಾವುದೆಂದು ನೋಡಿಯೇ ಬಳಸಿ. ವರ್ಷವಿಡೀ ಅಂತರ ಬದಲಾಗದಿರುವುದರಿಂದ ಡೇಟ್‌ಆ್ಯಡ್‌ನಿಂದ 690 ನಿಮಿಷ ಕೂಡಿಸಿದರೂ ಸರಿಯೇ.

ಫೋನ್ ಸಂಖ್ಯೆಗೆ ಈಸ್‌ಫೋನ್‌ನಂಬರ್ ಹಾಕಿದ್ದೀರಿ, ಅದು ಉತ್ತರ ಅಮೆರಿಕದ ಸಂಖ್ಯಾಕ್ರಮವನ್ನು ನೋಡುತ್ತದೆಯೇ ಹೊರತು ನಮ್ಮದನ್ನಲ್ಲ. ರೆಜೆಕ್ಸ್‌ಮ್ಯಾಚ್ ಬಳಸಿ, 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವ ಹತ್ತು ಅಂಕಿಗಳೇ ಎಂದು ನೋಡಿದರೆ ನಮ್ಮ ಮೊಬೈಲ್ ಸಂಖ್ಯೆಗಳಿಗೆ ಸಾಕು. ಈಸ್‌ಇಮೇಲ್‌ಅಡ್ರೆಸ್ ಇದ್ದಂತೆಯೇ ಇರಲಿ. ತಪ್ಪು ಬೆಲೆ ಬಂದಾಗ ಅದನ್ನೇ ಮತ್ತೆ ಇನ್‌ಪುಟ್‌ನಲ್ಲಿ ತೋರಿಸುವುದು ಸೌಜನ್ಯ, ಆದರೆ ಬಂದುದನ್ನು ಶೋಧಿಸದೆ ಹಾಗೆಯೇ ಪುಟಕ್ಕೆ ಅಚ್ಚಿಸಿದರೆ ಯಾರೋ ಒಬ್ಬರು ಅದರಲ್ಲಿ ಸ್ಕ್ರಿಪ್ಟ್ ತೂರಿಸಿ ಕಳುಹಿಸುತ್ತಾರೆ.

ಜಿಲ್ಲೆಯ ಡ್ರಾಪ್‌ಡೌನ್‌ನಲ್ಲಿ ಕರ್ನಾಟಕದ 31 ಜಿಲ್ಲೆಗಳನ್ನೂ ಕೈಯಾರೆ ಟೈಪ್ ಮಾಡಿದ್ದೀರಿ. ಅವನ್ನು ಬೇರೊಂದು ಡೇಟಾ ಎಕ್ಸ್‌ಟೆನ್ಷನ್‌ನಲ್ಲಿಟ್ಟು ಲುಕಪ್‌ಆರ್ಡರ್ಡ್‌ರೋಸ್‌ನಿಂದ ತನ್ನಿ, ಡೇಟಾ ಮಾಡೆಲಿಂಗ್ ಭಾಗಕ್ಕೂ ಅಭ್ಯಾಸವಾದಂತಾಗುತ್ತದೆ. ಈ ಫಂಕ್ಷನ್‌ಗೆ ಹುಡುಕಲು ಒಂದಾದರೂ ಕಾಲಂ ಮತ್ತು ಬೆಲೆ ಕೊಡಲೇಬೇಕು, ಸುಮ್ಮನೆ ‘ಎಲ್ಲವನ್ನೂ ಕೊಡು’ ಎನ್ನುವಂತಿಲ್ಲ. ಅದಕ್ಕಾಗಿ ಎಲ್ಲ ಸಾಲುಗಳಲ್ಲೂ ಒಂದೇ ಬೆಲೆ ಇರುವ ‘ಆ್ಯಕ್ಟಿವ್’ ಎಂಬ ಕಾಲಂ ಸೇರಿಸಿಕೊಳ್ಳಿ. ಒಂದು ಸಲಕ್ಕೆ 2000 ಸಾಲುಗಳಿಗಿಂತ ಹೆಚ್ಚು ಬರುವುದಿಲ್ಲ ಎಂಬ ಮಿತಿಯನ್ನೂ ನೆನಪಿಡಿ.

ಡಂಪ್‌ಗಳನ್ನು (ಪರೀಕ್ಷೆಯಿಂದ ಸೋರಿದ ಪ್ರಶ್ನೋತ್ತರಗಳನ್ನು) ಹಂಚಿಕೊಳ್ಳಿ ಎಂದು ನಿಮ್ಮ ಪ್ರಶ್ನೆಯ ಕೆಳಗೆ ಕೇಳಿದವರಿಗೂ ಒಂದು ಮಾತು: ಪರೀಕ್ಷೆಯ ಒಪ್ಪಂದಕ್ಕೆ ಅದು ವಿರುದ್ಧ, ಸಿಕ್ಕಿಬಿದ್ದರೆ ಪ್ರಮಾಣಪತ್ರವೇ ರದ್ದಾಗಬಹುದು, ಮೇಲಾಗಿ ಅಲ್ಲಿ ಹಂಚುವ ಉತ್ತರಗಳಲ್ಲಿ ಅನೇಕವು ತಪ್ಪು. ದಯವಿಟ್ಟು ಇಲ್ಲಿ ಕೇಳಬೇಡಿ.

ಕೊನೆಗೆ ನೀವು ಇಂದು ಮಾಡಬೇಕಾದುದು ಇಷ್ಟು. ಕೀ ಇದ್ದ ಹಳೆಯ ಡೇಟಾ ಎಕ್ಸ್‌ಟೆನ್ಷನ್‌ನ್ನು ಅಳಿಸಿಲ್ಲವಾದರೆ ಕೋಡಿನಲ್ಲಿ ಅದರ ಹೆಸರನ್ನೇ ಮತ್ತೆ ಹಾಕಿ. ಅಳಿಸಿದ್ದರೆ ಹೊಸದನ್ನು ಮಾಡುವಾಗಲೇ ಪ್ರತಿ ಚಂದಾದಾರರ ಗುರುತಾದ ಸಬ್‌ಸ್ಕ್ರೈಬರ್ ಕೀಯನ್ನು ಪ್ರೈಮರಿ ಕೀ ಎಂದು ಗುರುತಿಸಿಡಿ, ಆಮೇಲೆ ಬದಲಿಸಲು ಬಿಡುವುದಿಲ್ಲ. ಪಬ್ಲಿಷ್ ಮಾಡಿದ ಮೇಲೆ ಹೊಸ ಪುಟ ಕಾಣಲು ಕೆಲವು ನಿಮಿಷ ಹಿಡಿಯುವುದುಂಟು, ಅಷ್ಟರೊಳಗೆ ಬದಲಾಗಿಲ್ಲವೆಂದು ಕೋಡನ್ನು ಮತ್ತೆ ಕೆದಕಬೇಡಿ. ಖಾಲಿ ಸಲ್ಲಿಸಿದಾಗ ಪುಟ ಏನು ಹೇಳಿತು ಎಂಬುದರ ಸ್ಕ್ರೀನ್‌ಶಾಟ್ ಇಲ್ಲಿಯೇ ಹಾಕಿ, ಎಪಿಐ ಈವೆಂಟ್‌ನ ಪೇಲೋಡ್ ಅನ್ನು (ಕಳುಹಿಸುವ ಮಾಹಿತಿಯನ್ನು) ಅದಾದ ಮೇಲೆ ನೋಡೋಣ.