ಹೂವೇನೋ ತುಂಬಿದೆ, ಜೇನು ಮಾತ್ರ ಬರುತ್ತಿಲ್ಲ!

ಕೈತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶರದೃತುವಿನಲ್ಲಿ ನಮ್ಮ ಕೈತೋಟದ ತುಂಬ ದಪ್ಪ ದಪ್ಪ ಚೆಂಡುಹೂ, ಸೇವಂತಿಗೆ. ಆದರೂ ಜೇನು, ಚಿಟ್ಟೆ ಸುಳಿಯುವುದೇ ಅಪರೂಪ. ಯಾಕೆ?

ಹೂ ದಪ್ಪಗಿರುವುದೇ ಕಾರಣ. ಅಂಥದ್ದೊಂದು ಚೆಂಡುಹೂವನ್ನು ತೊಟ್ಟಿನವರೆಗೆ ಸೀಳಿ ನೋಡಿ, ಒಳಗೆಲ್ಲ ಎಸಳೇ ಎಸಳು. ಆಮೇಲೆ ಒಂದೇ ಸುತ್ತು ಎಸಳಿರುವ ಹೂ ತೆಗೆದುಕೊಳ್ಳಿ. ನಡುವಿನ ಹಳದಿ ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಒತ್ತೊತ್ತಾಗಿ ನಿಂತ ಪುಟ್ಟ ಕೊಳವೆ ಹೂಗಳ ಗುಂಪು ಎಂದು ತಿಳಿಯುತ್ತದೆ. ಅಂಚಿನವು ಮೊದಲು, ನಡುವಿನವು ಕೊನೆಗೆ, ಹೀಗೆ ಕೆಲವು ದಿನ ಸುತ್ತುಸುತ್ತಾಗಿ ಅರಳುತ್ತವೆ. ಮಕರಂದವೂ ಪರಾಗವೂ ಸಿಗುವುದು ಅಲ್ಲೇ. ಹೊರಗಿನ ಎಸಳು ಅಂಗಡಿಯ ಬೋರ್ಡಿದ್ದಂತೆ. ದಪ್ಪ ತಳಿಗಳಲ್ಲಿ ಈ ಕೊಳವೆ ಹೂಗಳು ಬಹುಪಾಲು ಎಸಳಾಗಿ ಮಾರ್ಪಟ್ಟಿರುತ್ತವೆ: ಬೋರ್ಡು ದೊಡ್ಡದು, ಒಳಗೆ ಸರಕಿಲ್ಲ.

ಇರುವ ಗಿಡ ಕೀಳಬೇಡಿ, ನೋಡಲು ಚೆಂದವಾಗಿವೆ. ಪಕ್ಕದಲ್ಲಿ ಒಂದೇ ಸುತ್ತು ಎಸಳಿನ ಚೆಂಡುಹೂ, ಕಾಸ್ಮಾಸ್, ಜಿನ್ನಿಯಾ, ಆಸ್ಟರ್ ಹಾಕಿ. ಬೀಜದ ಪ್ಯಾಕೆಟ್ ಮೇಲೆ ‘ಸಿಂಗಲ್’ ಎಂದಿದೆಯೇ ನೋಡಿಕೊಳ್ಳಿ. ಇನ್ನೊಂದು ಮಾತು: ಅಲ್ಲೊಂದು ಇಲ್ಲೊಂದು ನೆಟ್ಟರೆ ಉಪಯೋಗ ಕಡಿಮೆ. ಜೇನು ಒಂದು ಸಲ ಹೊರಟರೆ ಹೆಚ್ಚಾಗಿ ಒಂದೇ ಜಾತಿಯ ಹೂವಿನಿಂದ ಹೂವಿಗೆ ಹೋಗುತ್ತದೆ. ಹಾಗಾಗಿ ಒಂದೊಂದು ಜಾತಿಗೂ ಸುಮಾರು ಒಂದು ಚದರ ಮೀಟರ್ ಪಾತಿ ಕೊಡಿ.

ಪ್ರಶ್ನೆ: ಶರದೃತುವಿನುದ್ದಕ್ಕೂ ಹೂ ಇರಬೇಕಾದರೆ ಬೀಜ ಯಾವಾಗ ಹಾಕಬೇಕು?

ಹೂ ಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ. ಕುಳ್ಳ ಚೆಂಡುಹೂವಿಗೆ 7–8 ವಾರ, ಜಿನ್ನಿಯಾ ಮತ್ತು ಕಾಸ್ಮಾಸ್‌ಗೆ 8–10 ವಾರ. ಎಲ್ಲ ಬೀಜವನ್ನೂ ಒಂದೇ ದಿನ ಸುರಿದರೆ ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಮುಗಿಯುತ್ತವೆ. ಎರಡೆರಡು ವಾರ ಬಿಟ್ಟು ಮೂರು ಸಲ ಬಿತ್ತಿ.

ಬೀಜ ಅರ್ಧ ಸೆಂಟಿಮೀಟರ್ ಆಳಕ್ಕಿಂತ ಕೆಳಗೆ ಹೋಗದಿರಲಿ, ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಇರಲಿ. ಕಾಸ್ಮಾಸ್‌ಗೆ ಗೊಬ್ಬರ ಹಾಕುವ ಆಸೆ ಬಿಡಿ. ಸಾರಜನಕ ಹೆಚ್ಚಾದರೆ ಆಳೆತ್ತರ ಸೊಪ್ಪು ಬೆಳೆದು, ಹೂ ತಡವಾಗಿ, ಗಾಳಿಗೆ ಅಡ್ಡ ಬೀಳುತ್ತದೆ. ಜಿನ್ನಿಯಾ ಒತ್ತಾದರೆ ಎಲೆಯ ಮೇಲೆ ಬಿಳಿ ಪುಡಿ ಉದುರಿಸಿದಂತೆ ಬೂದಿ ರೋಗ ಬರುತ್ತದೆ. ಗಿಡಗಳ ನಡುವೆ ಗಾಳಿಯಾಡಲು ಜಾಗ ಬಿಡಿ, ಬೆಳಿಗ್ಗೆಯೇ ಬುಡಕ್ಕೆ ನೀರು ಹಾಕಿ.

ಬಾಡಿದ ಹೂವನ್ನು ವಾರಕ್ಕೆರಡು ಸಲ ಚಿವುಟುತ್ತಿದ್ದರೆ ಮೂರು ಜಾತಿಯೂ ಹೊಸ ಮೊಗ್ಗು ಬಿಡುತ್ತಲೇ ಇರುತ್ತವೆ. ತುಳಸಿಯ ತೆನೆಯನ್ನು ಮಾತ್ರ ಪೂರ್ತಿ ಕೀಳಬೇಡಿ. ಪುಟ್ಟ ಜೇನುಗಳಿಗೆ ಅದಕ್ಕಿಂತ ಒಳ್ಳೆಯ ಹೂ ಹುಡುಕುವುದು ಕಷ್ಟ.

ಪ್ರಶ್ನೆ: ನಮ್ಮ ಸೇವಂತಿಗೆಯಲ್ಲಿ ಗೇಟಿನ ಕಡೆಯ ಗಿಡಗಳಿಗೆ ಮೊಗ್ಗೇ ಇಲ್ಲ, ಹಿಂದಿನ ಸಾಲಿನವು ಅರಳಿವೆ. ಎರಡಕ್ಕೂ ಒಂದೇ ಗೊಬ್ಬರ, ಒಂದೇ ನೀರು.

ಗೇಟಿನ ದೀಪ ಎಷ್ಟು ಹೊತ್ತು ಉರಿಯುತ್ತದೆ? ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ಉದ್ದನೆಯ, ಕಡಿಯದ ಕತ್ತಲೆ ಬೇಕು. ಇರುಳು ದೀಪ ಬಿದ್ದರೆ ಗಿಡಕ್ಕೆ ಇನ್ನೂ ಬೇಸಿಗೆಯ ಸಣ್ಣ ರಾತ್ರಿಯೇ ನಡೆಯುತ್ತಿದೆ ಎಂಬ ಲೆಕ್ಕ, ಎಲೆ ಬಿಡುತ್ತಲೇ ಇರುತ್ತದೆ. ಹೂ ಬೆಳೆಗಾರರು ಬೇಕೆಂದೇ ನಡುರಾತ್ರಿ ಬಲ್ಬ್ ಉರಿಸಿ ಮೊಗ್ಗನ್ನು ತಡೆಹಿಡಿಯುತ್ತಾರೆ. ನಿಮ್ಮಲ್ಲಿ ಅದು ತಾನಾಗಿಯೇ ಆಗುತ್ತಿದೆ. ದೀಪ ಆರಿಸಿ, ಇಲ್ಲವೇ ಕುಂಡ ಸರಿಸಿ. ಮೊಗ್ಗು ಕಟ್ಟಿ ಅರಳಲು ತಳಿಗೆ ತಕ್ಕಂತೆ ಎರಡು ತಿಂಗಳವರೆಗೂ ಹಿಡಿಯಬಹುದು, ಅಲ್ಲಿಯವರೆಗೆ ಕತ್ತಲೆ ತಪ್ಪಬಾರದು.

ದೀಪವೇ ಇಲ್ಲದಿದ್ದರೆ ಕತ್ತರಿಯನ್ನು ಅನುಮಾನಿಸಿ. ಗಿಡ 15 ಸೆಂ.ಮೀ. ಆದಾಗ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ, ಸರಿ. ಹೂ ಬೇಕಾದ ಕಾಲಕ್ಕೆ ಮೂರು ತಿಂಗಳಿರುವಾಗ ಮಾತ್ರ ಚಿವುಟುವುದನ್ನು ನಿಲ್ಲಿಸಬೇಕು. ತಡವಾಗಿ ಚಿವುಟಿದರೆ ಕಟ್ಟುತ್ತಿರುವ ಮೊಗ್ಗೇ ಕುಡಿಯ ಜೊತೆ ಹೋಗುತ್ತದೆ.

ಪ್ರಶ್ನೆ: ಕೆಂಪು ಸಾಲ್ವಿಯಾಕ್ಕೆ ಜೇನು ಯಾಕೆ ಬರುವುದಿಲ್ಲ?

ಜೇನಿನ ಕಣ್ಣಿಗೆ ಕೆಂಪು ಬಣ್ಣವಾಗಿ ಕಾಣುವುದಿಲ್ಲ. ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಜೇನಿಗೆ ಬಣ್ಣ ಗೊತ್ತಾಗುತ್ತದೆಂದು 1914ರಲ್ಲೇ ತೋರಿಸಿದರು. ಬೂದು ಕಾರ್ಡುಗಳ ನಡುವೆ ನೀಲಿಯನ್ನು ಗುರುತಿಸಿದ ಜೇನು, ಕೆಂಪನ್ನು ಕಪ್ಪಿನೊಡನೆ ಗೊಂದಲ ಮಾಡಿಕೊಂಡಿತ್ತು. ಜೊತೆಗೆ ಆ ಹೂವಿನ ಕೊಳವೆಯೂ ಉದ್ದ, ಜೇನಿನ ನಾಲಿಗೆ ತಳ ಮುಟ್ಟುವುದಿಲ್ಲ. ಚಿಟ್ಟೆಗೆ ಕೆಂಪು ಇರಲಿ, ಜೇನಿಗೆ ನೀಲಿ ಸಾಲ್ವಿಯಾ ನೆಡಿ.

ಪ್ರಶ್ನೆ: ಆಸ್ಟರ್ ಕುಡಿಗೆ ಹೇನು ಮುತ್ತಿದೆ. ಜೇನಿಗೆ ತೊಂದರೆಯಾಗದಂಥ ಔಷಧಿ ಯಾವುದು?

ಮೊದಲು ಪೈಪಿನಲ್ಲಿ ರಭಸವಾಗಿ ನೀರು ಹೊಡೆಯಿರಿ, ಅರ್ಧಕ್ಕರ್ಧ ಅಲ್ಲೇ ಉದುರುತ್ತವೆ. ಉಳಿದವಕ್ಕೆ ಒಂದು ಲೀಟರ್ ನೀರಿಗೆ 5 ಮಿ.ಲೀ. ದ್ರವ ಸೋಪು ಬೆರೆಸಿ, ಸಂಜೆ ಜೇನು ಗೂಡು ಸೇರಿದ ಮೇಲೆ ಎಲೆಯಡಿ ಸಿಂಪಡಿಸಿ. ಬಟ್ಟೆ ಒಗೆಯುವ ಪುಡಿ ಬೇಡ, ಕುಡಿ ಸುಡುತ್ತದೆ. ಸೋಪು ನೀರು ಮೈಗೆ ತಾಗಿದ ಹೇನನ್ನಷ್ಟೇ ಕೊಲ್ಲುವುದರಿಂದ ನಾಲ್ಕೈದು ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು. ಇಮಿಡಾಕ್ಲೋಪ್ರಿಡ್‌ನಂಥ, ಗಿಡದ ರಸಕ್ಕೇ ಸೇರುವ ಔಷಧಿ ಮಾತ್ರ ಖಂಡಿತ ಬೇಡ. ಬುಡಕ್ಕೆ ಹಾಕಿದರೂ ಅದು ಮಕರಂದ, ಪರಾಗಕ್ಕೆ ಬರುತ್ತದೆ.

ಹೇನಿನ ನಡುವೆ ಹಸಿರು ಬಣ್ಣದ, ಕಾಲಿಲ್ಲದ ಸಣ್ಣ ಹುಳು ತೆವಳುತ್ತಿದ್ದರೆ ಸಿಂಪಡಣೆ ನಿಲ್ಲಿಸಿ. ಅದು ಬಹುಶಃ ಹೂನೊಣದ ಮರಿ, ಹೇನೇ ಅದರ ಊಟ. ದೊಡ್ಡದಾದ ಮೇಲೆ ಅದೇ ನಿಮ್ಮ ಆಸ್ಟರ್‌ಗೆ ಪರಾಗ ಹೊರುತ್ತದೆ.

ಪ್ರಶ್ನೆ: ಹೂ ಮುಗಿದ ಮೇಲೆ ಪಾತಿ ಪೂರ್ತಿ ಸ್ವಚ್ಛ ಮಾಡಬೇಕೆ?

ರೋಗ ಬಂದ ಎಲೆ, ಕಾಂಡ ತೆಗೆದುಹಾಕಿ. ಒಣಗಿದ ಉಳಿದ ದಂಟುಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಹಾಗೇ ಬಿಡಿ, ಕೆಲವು ಒಂಟಿ ಜೇನುಗಳು ಅದರ ಟೊಳ್ಳಿನಲ್ಲಿ ಮೊಟ್ಟೆ ಇಡುತ್ತವೆ. ಬಹುತೇಕ ಜೇನು ಜಾತಿಗಳು ಗೂಡು ಮಾಡುವುದು ಮಣ್ಣಿನೊಳಗೆ. ಹಾಗಾಗಿ ಬಿಸಿಲು ಬೀಳುವ ಒಂದು ಮೂಲೆಯಲ್ಲಿ ಮೊರದಗಲ ನೆಲಕ್ಕೆ ಹೊದಿಕೆ ಹಾಕಬೇಡಿ, ಅಗೆಯಲೂ ಬೇಡಿ.