ಯುಕೆಯಲ್ಲಿ ಎಂಎಸ್ಸಿ: ರ‍್ಯಾಂಕಿಂಗ್ ಚೆನ್ನಾಗಿರುವ ಯೂನಿವರ್ಸಿಟಿಯ ಲಂಡನ್ ಕ್ಯಾಂಪಸ್ಸೋ, ಸ್ವಾನ್ಸೀಯೋ?

ಡೇಟಾ ಸೈನ್ಸ್ ಎಂಎಸ್ಸಿಗೆ ಎರಡು ಆಫರ್ ಬಂದಿವೆ, ಪಟ್ಟಿಯಲ್ಲಿ ಮೇಲಿರುವ ಯೂನಿವರ್ಸಿಟಿಯ ಲಂಡನ್ ಕ್ಯಾಂಪಸ್ಸಿಗೆ ಹೋಗಲೋ, ವೇಲ್ಸಿನ ಸ್ವಾನ್ಸೀಗೆ ಹೋಗಲೋ ಅಂತ ಕೇಳಿದ್ದೀರಿ. 'ಲಂಡನ್ ಕ್ಯಾಂಪಸ್' ಅಂತ ಓದಿದ ಕೂಡಲೇ ಕೈಲಿದ್ದ ಕೆಲಸ ಬಿಟ್ಟು ಬರೆಯುತ್ತಿದ್ದೇನೆ. 2022ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ಕೋರ್ಸೂ ನಿಮ್ಮದೇ, ಡೇಟಾ ಸೈನ್ಸ್. ಒಂದು ಆಫರ್ ಸಣ್ಣ ಊರಿನದು. ಇನ್ನೊಂದು, ಪಟ್ಟಿಯಲ್ಲಿ ಮೇಲಿದ್ದ ಯೂನಿವರ್ಸಿಟಿಯ ಲಂಡನ್ ಕ್ಯಾಂಪಸ್ಸಿನದು. ನಾನು ಲಂಡನ್ ಅಂದೆ.

ನಾನು ದಾವಣಗೆರೆಯವನು. ಬೆಂಗಳೂರಿನಲ್ಲಿ ಮೂರು ವರ್ಷ ಟೆಸ್ಟಿಂಗ್ ಕೆಲಸ ಮಾಡಿ ಬೇಜಾರಾಗಿತ್ತು. ಓದಿನ ಸಾಲ 7.5 ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಅಪ್ಪಾಜಿ ವಿದ್ಯಾನಗರದ ಸೈಟಿನ ಪತ್ರ ತಂದು ಮೇಜಿನ ಮೇಲಿಟ್ಟರು. "ಲಂಡನ್ನೇ ಏನೋ?" ಅಂದರು. "ಹ್ಞೂಂ ಅಪ್ಪಾಜಿ, ಲಂಡನ್ನೇ" ಅಂದೆ. ಅವರು ಬೇರೇನೂ ಕೇಳಲಿಲ್ಲ.

ತಪ್ಪು ಎಲ್ಲಿ ಆಯ್ತು ಅಂತ ಬೆರಳಿಟ್ಟು ತೋರಿಸಬಲ್ಲೆ. ಆಫರ್ ಲೆಟರಿನ ಎರಡನೇ ಪುಟ. ಕೋರ್ಸಿನ ಹೆಸರು, ಅವಧಿ, ಫೀಸು, ಶುರುವಾಗುವ ದಿನ. ಅದರ ಕೆಳಗೆ ಒಂದು ಸಾಲು, 'ಓದುವ ಸ್ಥಳ: ಲಂಡನ್'. ನಾನು ಅದನ್ನು ಓದದೇ ಮೋಸ ಹೋದೆ ಅಂತ ತಿಳಿಯಬೇಡಿ. ಮೂರು ಸಲ ಓದಿದೆ. ಓದಿ ಖುಷಿಪಟ್ಟೆ. ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಆ ಸಾಲಿನ ಅರ್ಥ ಏನು ಅಂತ ಮಾತ್ರ ಯಾರನ್ನೂ ಕೇಳಲಿಲ್ಲ.

ಅರ್ಥ ಇಷ್ಟೇ. ಇಂಗ್ಲೆಂಡಿನ ಬೇರೆ ಊರುಗಳ, ವೇಲ್ಸ್, ಸ್ಕಾಟ್ಲೆಂಡಿನ ಕೆಲವು ಯೂನಿವರ್ಸಿಟಿಗಳು ಲಂಡನ್ನಿನಲ್ಲೂ ಒಂದು ಕ್ಯಾಂಪಸ್ ತೆರೆದಿವೆ. ಹೊರದೇಶದ ವಿದ್ಯಾರ್ಥಿಗಳಿಗೆ ಲಂಡನ್ ಹೆಸರೇ ಸಾಕು ಅಂತ ಅವರಿಗೆ ಗೊತ್ತು. ಕೆಲವು ಕಡೆ ದಿನನಿತ್ಯದ ವ್ಯವಹಾರ ನೋಡಿಕೊಳ್ಳುವುದು ಖಾಸಗಿ ಕಂಪನಿ. ಡಿಗ್ರಿ ಅಸಲಿಯೇ, ಅದರಲ್ಲಿ ಮೋಸ ಇಲ್ಲ. ಆದರೆ ನಾನು ನೋಡಿದ್ದ ರ‍್ಯಾಂಕಿಂಗು ಇಡೀ ಯೂನಿವರ್ಸಿಟಿಯದು. ವೆಬ್‌ಸೈಟಿನ ಕೆಂಪು ಇಟ್ಟಿಗೆ ಕಟ್ಟಡ, ಹುಲ್ಲಿನ ಮೇಲೆ ಕೂತ ಹುಡುಗರು, ಡ್ರೋನ್ ವಿಡಿಯೋ ಎಲ್ಲ ಮೂಲ ಊರಿನವು. ನಾನು ಸೇರಿದ್ದು ಒಂದು ಆಫೀಸು ಕಟ್ಟಡದ ಎರಡು ಮಹಡಿಗೆ.

ದಾವಣಗೆರೆಯವನಾಗಿ ನನಗೆ ಇದು ಹೊಳೆಯಬೇಕಿತ್ತು. ಬೆಂಗಳೂರಿನ ಬೀದಿ ಬೀದಿಯಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಅಂತ ಬೋರ್ಡಿರುತ್ತದೆ. ನಮ್ಮೂರಿನವರು ಬೋರ್ಡು ನೋಡಿ ಒಳಗೆ ಹೋಗುವುದಿಲ್ಲ, ಕಾವಲಿ ಹತ್ತಿರ ಯಾರು ನಿಂತಿದ್ದಾರೆ ಅಂತ ಇಣುಕಿ ನೋಡುತ್ತೇವೆ. ದೋಸೆಗೆ ಇದ್ದ ಎಚ್ಚರ ಇಪ್ಪತ್ತೈದು ಲಕ್ಷದ ಓದಿಗೆ ಇರಲಿಲ್ಲ. ಗೂಗಲ್ ಮ್ಯಾಪಿನಲ್ಲಿ ಆ ವಿಳಾಸ ಹಾಕಿ, ಬೀದಿಯ ಫೋಟೋ ತೋರಿಸುವ ಹಳದಿ ಗೊಂಬೆಯನ್ನು ಎಳೆದು ಅಲ್ಲಿಗೆ ಬಿಟ್ಟಿದ್ದರೆ ಗಾಜಿನ ಬಾಗಿಲು, ಪಕ್ಕದ ಸ್ಯಾಂಡ್‌ವಿಚ್ ಅಂಗಡಿ ಎಲ್ಲ ಕಾಣುತ್ತಿತ್ತು. ಒಂದು ನಿಮಿಷದ ಕೆಲಸ. ಸೆಕೆಂಡ್ ಹ್ಯಾಂಡ್ ಬೈಕು ಕೊಳ್ಳುವಾಗ ಆರ್‌ಸಿ, ಇನ್ಶೂರೆನ್ಸ್, ಚಾಸಿ ನಂಬರ್ ಎಲ್ಲ ಉಜ್ಜಿ ಉಜ್ಜಿ ನೋಡಿದವನು ನಾನು!

ಕನ್ಸಲ್ಟೆನ್ಸಿಯವರು ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಅವರು ನನ್ನಿಂದ ಒಂದು ರೂಪಾಯಿ ತೆಗೆದುಕೊಂಡಿರಲಿಲ್ಲ. ಎಷ್ಟು ಒಳ್ಳೆಯವರು ಅಂದುಕೊಂಡಿದ್ದೆ. ಏಜೆಂಟರಿಗೆ ದುಡ್ಡು ಬರುವುದು ಯೂನಿವರ್ಸಿಟಿಯಿಂದ, ಸೇರಿದ ಒಬ್ಬೊಬ್ಬ ವಿದ್ಯಾರ್ಥಿಗೂ ಕಮಿಷನ್ ಲೆಕ್ಕದಲ್ಲಿ. ಹಾಗಿರುವಾಗ ಅವರು ನಿಮ್ಮ ಕಡೆಯವರು ಹೇಗಾಗುತ್ತಾರೆ?

ಮೊದಲ ದಿನ ಕ್ಲಾಸಿನಲ್ಲಿ ನಾವು ಅರವತ್ತು ಜನ. ಬಹುತೇಕ ಎಲ್ಲರೂ ಭಾರತ, ನೈಜೀರಿಯಾ, ಪಾಕಿಸ್ತಾನದವರು. ಒಳ್ಳೆಯ ಸ್ನೇಹಿತರೇ ಸಿಕ್ಕರು, ಆ ಮಾತು ಬೇರೆ. ಲೈಬ್ರರಿ ಅಂದರೆ ಒಂದು ಕೋಣೆ, ನಾಲ್ಕು ಕಪಾಟು, ಸಂಜೆ ಬೀಗ. ನಾನು ಓದಬೇಕು ಅಂದುಕೊಂಡಿದ್ದ ಐಚ್ಛಿಕ ವಿಷಯಗಳಲ್ಲಿ ಎರಡು 'ಈ ಸೆಂಟರಿನಲ್ಲಿ ಇಲ್ಲ'. ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ಇನ್ನೊಬ್ಬನ ಜೊತೆ ಹಂಚಿಕೊಂಡ ರೂಮು. ಕಿಟಕಿ ತೆಗೆದರೆ ಮಂಚಕ್ಕೆ ತಾಗುತ್ತಿತ್ತು.

ಅಕ್ಟೋಬರ್‌ನಲ್ಲಿ ಒಂದು ಮೇಲ್ ಬಂತು: ಕ್ಯಾಂಪಸ್ಸಿನಲ್ಲಿ ಕರಿಯರ್ ಫೇರ್, ಕಂಪನಿಗಳು ಬರುತ್ತವೆ. ಕ್ಯಾಂಪಸ್ ಅಂದರೆ ನಮ್ಮದಲ್ಲ, ಮೂಲ ಊರಿನದು. ವಿಕ್ಟೋರಿಯಾ ಕೋಚ್ ಸ್ಟೇಷನ್ನಿಂದ ರಾತ್ರಿ ಬಸ್ ಹತ್ತಿದೆ. ರೈಲಿಗೆ ಕೊಡುವಷ್ಟು ದುಡ್ಡಿರಲಿಲ್ಲ. ಬೆಳಗಿನ ಜಾವ ಇಳಿದಾಗ ಇನ್ನೂ ಕತ್ತಲು, ಕೈ ಮರಗಟ್ಟುವ ಚಳಿ. ಎಲ್ಲಿ ಕೂರುವುದು ಅಂತ ನಡೆಯುತ್ತಾ ಹೋದರೆ ದೂರದಲ್ಲಿ ನಾಲ್ಕು ಮಹಡಿ ತುಂಬಾ ದೀಪ. ಲೈಬ್ರರಿ. ಇಡೀ ರಾತ್ರಿ ತೆರೆದಿರುತ್ತದಂತೆ. ನನ್ನ ಐಡಿ ಕಾರ್ಡು ತೋರಿಸಿದೆ, ಗೇಟು ತೆರೆಯಿತು. ನಾನೂ ಅದೇ ಯೂನಿವರ್ಸಿಟಿಯವನೇ ತಾನೇ! ಒಳಗೆ ಬೆಚ್ಚಗಿನ ಮೂಲೆಯಲ್ಲಿ ಕೂತು ಅಮ್ಮ ಕಳಿಸಿದ್ದ ಶೇಂಗಾ ಚಟ್ನಿಪುಡಿ ಬ್ರೆಡ್ಡಿಗೆ ಹಚ್ಚಿ ತಿಂದೆ. ಎದುರು ಗಾಜಿನ ಆಚೆ ಸಾಲಾಗಿ ಕಂಪ್ಯೂಟರ್ ಲ್ಯಾಬು. ಅಲ್ಲೇ ಓದುತ್ತಿದ್ದ ತುಮಕೂರಿನ ಹುಡುಗ ಆಮೇಲೆ ಸಿಕ್ಕ. ನನ್ನದೇ ಕೋರ್ಸು, ಫೀಸೂ ಹೆಚ್ಚುಕಡಿಮೆ ಅಷ್ಟೇ. ಬಾಡಿಗೆ ನನಗಿಂತ ಕಮ್ಮಿ, ರೂಮು ಒಬ್ಬನಿಗೇ. ಅವನ ಮೇಲೆ ಬಂದ ಹೊಟ್ಟೆಕಿಚ್ಚು ಇವತ್ತಿಗೂ ಪೂರ್ತಿ ಹೋಗಿಲ್ಲ.

ವಾಪಸ್ ಬಂದು ಕ್ಯಾಂಪಸ್ ಬದಲಿಸಿಕೊಡಿ ಅಂತ ಕೇಳಿದೆ. ಸೀಟಿಲ್ಲ ಅಂದರು. ಮುಗಿಯಿತು.

ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಭಾನುವಾರ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋಗುತ್ತಿದ್ದೆ. ಥೇಮ್ಸ್ ದಂಡೆಯಲ್ಲಿ, ಪಾರ್ಲಿಮೆಂಟಿನ ಎದುರು ದಡದಲ್ಲಿ ಬಸವಣ್ಣನ ಪುತ್ಥಳಿ ಇದೆ. 2015ರಲ್ಲಿ ಮೋದಿ ಅನಾವರಣ ಮಾಡಿದ್ದು. ಅದರ ಮುಂದೆ ನಿಂತು ತೆಗೆದ ಫೋಟೋ ಕಳಿಸಿದೆ. ಅಪ್ಪಾಜಿ ಅದನ್ನೇ ಡಿಪಿ ಮಾಡಿಕೊಂಡರು. ಮಗ ಲಂಡನ್ನಿನಲ್ಲಿ ಓದುತ್ತಿದ್ದಾನೆ ಅಂತ ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಆಮೇಲೆ ಹೇಗೆ ಬಾಯಿ ಬಿಡಲಿ ಹೇಳಿ?

ಈಗ ನಿಮ್ಮ ಪ್ರಶ್ನೆ. ರ‍್ಯಾಂಕಿಂಗ್ ನೋಡಿ ಲಂಡನ್ನನ್ನೇ ಆರಿಸಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ಪ್ರಪಂಚದ ಯೂನಿವರ್ಸಿಟಿಗಳಿಗೆ ರ‍್ಯಾಂಕ್ ಕೊಡುವ ಕ್ಯೂಎಸ್ ಪಟ್ಟಿಯಲ್ಲಿ 100ಕ್ಕೆ 30 ಅಂಕ ಪ್ರಪಂಚದ ಪ್ರೊಫೆಸರುಗಳ ಅಭಿಪ್ರಾಯಕ್ಕೆ, 20 ಅಂಕ ಸಂಶೋಧನಾ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನುವುದಕ್ಕೆ. ಒಂದು ವರ್ಷದ ಎಂಎಸ್ಸಿಯಲ್ಲಿ ನಿಮಗೆ ಯಾರು ಪಾಠ ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ ಅನ್ನುವುದು ಅದರಲ್ಲಿಲ್ಲ. ನಿಮ್ಮ ಸಂಬಂಧಿಕರಿಗೆ ಬಿಟ್ಟರೆ ಆ ನಂಬರು ಇನ್ಯಾರಿಗೂ ಬೇಕಾಗುವುದಿಲ್ಲ. ನನ್ನ ಒಂದು ಇಂಟರ್‌ವ್ಯೂನಲ್ಲೂ ಅದನ್ನು ಕೇಳಲಿಲ್ಲ.

ದುಡ್ಡಿನ ಲೆಕ್ಕ ಒಂದೇ ಒಂದು ಹೇಳುತ್ತೇನೆ. 2025ರ ನವೆಂಬರಿನ ನಿಯಮದ ಪ್ರಕಾರ ವೀಸಾಕ್ಕೆ ತೋರಿಸಬೇಕಾದ ಖರ್ಚು ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಹೊರಗೆ 1,171. ಒಂಬತ್ತು ತಿಂಗಳಿಗೆ 3,222 ಪೌಂಡ್ ವ್ಯತ್ಯಾಸ. ಮೂರೂವರೆ ಲಕ್ಷ ರೂಪಾಯಿಗೂ ಜಾಸ್ತಿ. ಇದು ಸರ್ಕಾರದವರ ಅಂದಾಜು, ನಿಜವಾದ ಬಾಡಿಗೆ ಕೊಡುವಾಗ ಇನ್ನೂ ನೋಯುತ್ತದೆ.

"ಲಂಡನ್ನಿನಲ್ಲಿ ಕೆಲಸ ಸಿಗುತ್ತೆ" ಅಂತ ನಿಮ್ಮ ಕನ್ಸಲ್ಟೆನ್ಸಿ ಹೇಳಿರಬೇಕು, ಅಲ್ವಾ? ನನಗೂ ಹೇಳಿದ್ದರು. ಓದುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಅದು ಯಾವ ಊರಿನಲ್ಲಾದರೂ ಅಷ್ಟೇ. ಓದು ಮುಗಿದ ಮೇಲೆ ಅಲ್ಲೇ ಇದ್ದು ಕೆಲಸ ಮಾಡಲು ಸಿಗುವ ಗ್ರಾಜುಯೇಟ್ ವೀಸಾ ನನಗೆ ಎರಡು ವರ್ಷ ಸಿಕ್ಕಿತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂಎಸ್ಸಿಯವರಿಗೆ 18 ತಿಂಗಳು ಮಾತ್ರ. ಅದು ಮುಗಿದ ಮೇಲೂ ಉಳಿಯಲು ಕೆಲಸ ಕೊಡುವ ಕಂಪನಿಯೇ ಮುಂದೆ ನಿಂತು ಕೊಡಿಸುವ ಸ್ಪಾನ್ಸರ್ ವೀಸಾಕ್ಕೆ ಬೇಕಾದ ಕನಿಷ್ಠ ಸಂಬಳದ ಸಾಮಾನ್ಯ ಮಿತಿ ವರ್ಷಕ್ಕೆ ನಾನು ಹೋದಾಗ 26,000 ಪೌಂಡಿನ ಆಸುಪಾಸು ಇತ್ತು. 2024ರ ಏಪ್ರಿಲ್‌ನಲ್ಲಿ 38,700ಕ್ಕೆ ಏರಿತು, 2025ರ ಜುಲೈಯಲ್ಲಿ 41,700ಕ್ಕೆ. ಹೊಸಬರಿಗೆ ಸ್ವಲ್ಪ ರಿಯಾಯಿತಿ ಇದೆ, 33,400. ಅಷ್ಟು ಕೊಡುವ ಕೆಲಸ ಹಿಡಿಯಬೇಕು ಅಂದರೆ ಅಲ್ಲಿಗೆ ಹೋಗಿ ಇಳಿದ ಮೊದಲ ತಿಂಗಳಲ್ಲೇ ಅರ್ಜಿ ಹಾಕಲು ಶುರು ಮಾಡಬೇಕು. ದೊಡ್ಡ ಕಂಪನಿಗಳು ಹೊಸ ಪದವೀಧರರನ್ನು ತೆಗೆದುಕೊಳ್ಳುವ ಗ್ರಾಜುಯೇಟ್ ಸ್ಕೀಮುಗಳು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೇ ತೆರೆಯುತ್ತವೆ. ಆಗ ಪಕ್ಕದಲ್ಲೇ ಕರಿಯರ್ ಆಫೀಸು ಇರುವ ಕಡೆ ಇರಿ. ರಾತ್ರಿ ಬಸ್ಸಿನ ದೂರದಲ್ಲಿ ಬೇಡ.

ನನಗೆ ಕೊನೆಗೆ ಸಿಕ್ಕಿದ್ದು ಒಂದು ಗೋಡೌನಿನ ಸ್ಟಾಕ್ ರಿಪೋರ್ಟ್ ಮಾಡುವ ಕೆಲಸ. ಅವರು ಸ್ಪಾನ್ಸರ್ ಮಾಡಲಿಲ್ಲ. ವೀಸಾ ಮುಗಿಯಿತು, ಬಂದೆ. ಈಗ ಬೆಂಗಳೂರಿನಲ್ಲಿದ್ದೇನೆ, ಕೆಲಸ ಪರವಾಗಿಲ್ಲ, ಸೈಟಿನ ಪತ್ರ ಇನ್ನೂ ಬ್ಯಾಂಕಿನಲ್ಲಿದೆ.

ಸ್ವಾನ್ಸೀ ಅಂದರೆ ಹಳ್ಳಿ ಅಂತ ಬರೆದಿದ್ದೀರಿ. ಹಳ್ಳಿ ಅಲ್ಲ, ಸಮುದ್ರದ ದಂಡೆಯ ಊರು. ಆದರೆ ಅಲ್ಲಿಗೇ ಹೋಗಿ ಅಂತಲೂ ನಾನು ಹೇಳುತ್ತಿಲ್ಲ. ಮೊದಲು ಎರಡೂ ಆಫರ್ ಲೆಟರ್ ತೆಗೆದು ಆ 'ಓದುವ ಸ್ಥಳ' ಸಾಲು ಹುಡುಕಿ. ಆಮೇಲೆ ಕನ್ಸಲ್ಟೆನ್ಸಿಗಲ್ಲ, ನೇರವಾಗಿ ಯೂನಿವರ್ಸಿಟಿಗೆ ಮೇಲ್ ಮಾಡಿ: ಕಟ್ಟಡದ ಪೂರ್ತಿ ವಿಳಾಸ ಕೊಡಿ, ಈ ವರ್ಷ ಆ ಕಟ್ಟಡದಲ್ಲಿ ನಡೆಯುವ ಐಚ್ಛಿಕ ವಿಷಯಗಳ ಪಟ್ಟಿ ಕೊಡಿ, ಕರಿಯರ್ ಫೇರ್ ಎಲ್ಲಿ ನಡೆಯುತ್ತದೆ ಹೇಳಿ. ವೀಸಾಕ್ಕೆ ಮುಂಚೆ ಯೂನಿವರ್ಸಿಟಿ ಕೊಡುವ ಸೀಟು ಖಚಿತಪಡಿಸುವ ದಾಖಲೆ, ಅಂದರೆ ಕ್ಯಾಸ್‌ನಲ್ಲೂ ಓದುವ ವಿಳಾಸ ಇರುತ್ತದೆ. ಆದರೆ ಅಷ್ಟರಲ್ಲಿ ಡಿಪಾಸಿಟ್ ಕಟ್ಟಿರುತ್ತೀರಿ, ಅಲ್ಲಿಯವರೆಗೂ ಕಾಯಬೇಡಿ.

ಲಂಡನ್ ಕಟ್ಟಡದ ವಿಳಾಸ ಸಿಕ್ಕರೆ ಇಲ್ಲೇ ಹಾಕಿ. ಹಳದಿ ಗೊಂಬೆಯನ್ನು ನಾನೇ ಬಿಟ್ಟು ನೋಡುತ್ತೇನೆ.